ಫೆರಿಟಿನ್ ಹೆಚ್ಚು, ರಕ್ತ ಕಡಿಮೆ: ಮಾತ್ರೆ ನುಂಗಲೋ ಬಿಡಲೋ?

ಪ್ರಶ್ನೆ: ನನಗೆ 42 ವರ್ಷ. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ತಿಂಗಳುಗಳಿಂದ ಬೆರಳಿನ ಕೀಲುಗಳಲ್ಲಿ ಬಾವು, ನೋವು. ಹಿಮೋಗ್ಲೋಬಿನ್ 9.4, ಫೆರಿಟಿನ್ 310. ಕಬ್ಬಿಣದ ಮಾತ್ರೆ ಬೇಕೇ?

ಉತ್ತರ: ನೀವಾಗಿಯೇ ಮಾತ್ರೆ ಶುರು ಮಾಡಬೇಡಿ. ಫೆರಿಟಿನ್ ಕಬ್ಬಿಣವನ್ನು ಕೂಡಿಡುವ ಪ್ರೋಟೀನು. ಉರಿಯೂತವಿದ್ದಾಗ ಕಬ್ಬಿಣ ಹೆಚ್ಚದಿದ್ದರೂ ಫೆರಿಟಿನ್ ಏರುತ್ತದೆ. ಆಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಟ್ಟು ಕಬ್ಬಿಣವನ್ನು ಜೀವಕೋಶಗಳೊಳಗೇ ತಡೆಯುತ್ತದೆ. ರೋಗಾಣುಗಳಿಗೆ ಕಬ್ಬಿಣ ಸಿಗದಿರಲೆಂದು ದೇಹ ಹೂಡುವ ಉಪಾಯವಿದು. ಆದರೆ ರಕ್ತ ತಯಾರಿಸುವ ಮಜ್ಜೆಗೂ ಅದು ಸಿಗುವುದಿಲ್ಲ. ಕಣಜ ತುಂಬಿದೆ, ಬಾಗಿಲಿಗೆ ಬೀಗ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡಿಸಿ, ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಲಿವರ್ ಪರೀಕ್ಷೆ. ಸ್ಯಾಚುರೇಶನ್ ಶೇಕಡ 20ಕ್ಕಿಂತ ಕೆಳಗಿದ್ದು ಸಿಆರ್‌ಪಿ ಏರಿದ್ದರೆ, ಉರಿಯೂತದ ರಕ್ತಹೀನತೆಯ ಸಾಧ್ಯತೆಯೇ ಹೆಚ್ಚು. ಕೀಲುರೋಗಕ್ಕೆ ಚಿಕಿತ್ಸೆಯಾದರೆ ರಕ್ತವೂ ಸುಧಾರಿಸುತ್ತದೆ. ಸ್ಯಾಚುರೇಶನ್ ಶೇಕಡ 45 ದಾಟಿದರೆ ಕಬ್ಬಿಣ ನಿಜಕ್ಕೂ ಹೆಚ್ಚಿದೆಯೇ ಎಂದು ಹುಡುಕಬೇಕು. ಮುಟ್ಟಿನ ಸ್ರಾವ ಹೆಚ್ಚಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ನೋವಿನ ಮಾತ್ರೆಗಳ ಹೆಸರನ್ನೂ ಹೇಳಿ, ಕೆಲವು ಹೊಟ್ಟೆಯಲ್ಲಿ ರಕ್ತ ಸೋರಿಸುತ್ತವೆ.

ಈ ವಾರವೇ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ. ಕೀಲುರೋಗ ತಜ್ಞರು ಬೇಕಿದ್ದರೆ ಅವರೇ ಕಳಿಸುತ್ತಾರೆ. ಮಲ ಕಪ್ಪಾದರೆ, ಕುಳಿತಲ್ಲೇ ಏದುಸಿರು ಬಂದರೆ, ಎದೆ ನೋವಾದರೆ ಅಂದೇ ತುರ್ತು ವಿಭಾಗಕ್ಕೆ ಹೋಗಿ.