ಆರ್ಯಭಟದ ಪ್ರತಿಕೃತಿ

ಬೀಡಿಯ ವಿದ್ಯಾರ್ಥಿಯೊಬ್ಬನು ಗಣಕಯಂತ್ರದಲ್ಲಿ ‘ಆರ್ಯಭಟ’ ಉಪಗ್ರಹದ ಪ್ರತಿಕೃತಿಯನ್ನು ರಚಿಸಿ ನನಗೆ ತೋರಿಸಿದನು. ಅದು ಚೆಂಡಿನಂತೆ ನುಣುಪಾಗಿ, ಸೊಗಸಾಗಿದ್ದಿತು. ನಾನು ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಅದರ ಚಿತ್ರವನ್ನು ತೋರಿಸಿದೆನು. ಉಪಗ್ರಹವು ಗೋಳವಲ್ಲ, ಹಲವು ಮುಖಗಳ ಘನಾಕೃತಿ ಎಂಬುದು ಅವನಿಗೆ ಮನವರಿಕೆಯಾಯಿತು.

ಯು. ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ, ಸುಮಾರು 360 ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಕಕ್ಷೆಗೇರಿಸಿತು. ಅದಕ್ಕೆ 26 ಮುಖಗಳು. ಮೇಲಿನ ಮತ್ತು ಕೆಳಗಿನವನ್ನುಳಿದು ಎಲ್ಲದರಲ್ಲಿಯೂ ಸೌರಕೋಶಗಳಿದ್ದವು. ತಿರುಗುವ ಉಪಗ್ರಹದ ಯಾವ ಪಾರ್ಶ್ವಕ್ಕೆ ಬಿಸಿಲು ಬಿದ್ದರೂ ವಿದ್ಯುತ್ತು ದೊರೆಯುತ್ತಿತ್ತು. ಮುಖಗಳನ್ನು ಅಳಿಸಿದರೆ ಈ ಯುಕ್ತಿಯೂ ಅಳಿಯುತ್ತದೆ.

ಹುಡುಗನು ಸೊಗಸಾದುದನ್ನು ಬಿಟ್ಟು, ಮುಖಗಳನ್ನು ಒಂದೊಂದಾಗಿ ಎಣಿಸುತ್ತ ಪ್ರತಿಕೃತಿಯನ್ನು ಮತ್ತೆ ರಚಿಸಿದನು. ಉಪಗ್ರಹವನ್ನು ಕಟ್ಟಿದವರ ಶ್ರಮಕ್ಕೆ ಅವನು ಸಲ್ಲಿಸಿದ ಗೌರವವೇ ಅದು.