ದೋಷವೋ ಸೂಚನೆಯೋ: ವಿಜ್ಞಾನ ಕಥಾಚಿತ್ರಗಳ ಸಾತತ್ಯ ದೋಷಗಳನ್ನು ಓದುವ ಬಗೆ

ಪೀಠಿಕೆ

ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ಚಲನಚಿತ್ರವನ್ನು ಪಠ್ಯವಾಗಿ ಓದುವ ಕ್ರಮ ಈಗ ಹೊಸದೇನಲ್ಲ. ಆದರೆ ಚಿತ್ರವನ್ನು ಓದುವ ವಿಧಾನದ ಬಗ್ಗೆ ನಡೆದ ಚರ್ಚೆ ಕಡಿಮೆ. ಒಂದು ಕಡೆ ಚಿತ್ರದ ಕಥಾಸಾರವನ್ನೇ ವಿಮರ್ಶೆಯೆಂದು ಬರೆಯುವ ರೂಢಿಯಿದೆ. ಇನ್ನೊಂದು ಕಡೆ ತಪ್ಪುಗಳ ಪಟ್ಟಿಯನ್ನೇ ವಿಮರ್ಶೆಯೆಂದು ತಿಳಿಯುವ ಉತ್ಸಾಹವಿದೆ. ಹಿಂದಿನ ದೃಶ್ಯಖಂಡದಲ್ಲಿ ತುಂಬಿದ್ದ ಲೋಟ ಮುಂದಿನದರಲ್ಲಿ ಬರಿದಾಗಿರುವುದು, ಎಡಗೈಯಲ್ಲಿದ್ದ ಗಡಿಯಾರ ಬಲಗೈಗೆ ಬರುವುದು, ಮಳೆಯಲ್ಲಿ ನೆನೆದವನ ಅಂಗಿ ಬಾಗಿಲು ದಾಟುವಷ್ಟರಲ್ಲಿ ಒಣಗಿರುವುದು ಇವೆಲ್ಲ ಅಂಥ ಪಟ್ಟಿಗೆ ಸೇರುತ್ತವೆ. ಚಿತ್ರೋದ್ಯಮದವರು ಇದನ್ನು ‘ಕಂಟಿನ್ಯುಟಿ ತಪ್ಪು’ ಎನ್ನುತ್ತಾರೆ. ಪ್ರಸ್ತುತ ಲೇಖನದಲ್ಲಿ ‘ಸಾತತ್ಯ ದೋಷ’ ಎಂಬ ಪದವನ್ನು ಬಳಸಲಾಗಿದೆ.

ಚಿತ್ರೀಕರಣವು ಕಥೆಯ ಅನುಕ್ರಮದಲ್ಲಿ ನಡೆಯುವುದಿಲ್ಲ. ಕಥೆಯಲ್ಲಿ ಒಂದರ ಹಿಂದೊಂದು ಬರುವ ಎರಡು ದೃಶ್ಯಗಳನ್ನು ವಾರಗಳ ಅಂತರದಲ್ಲಿ, ಬೇರೆ ಬೇರೆ ಊರುಗಳಲ್ಲಿ ಚಿತ್ರಿಸಿರಬಹುದು. ಸಂಕಲನದ ಮೇಜಿನ ಮೇಲೆ ಅವು ಕೂಡಿದಾಗ ಬಿಟ್ಟುಹೋದ ಹೆಣಿಗೆ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಸಾತತ್ಯ ದೋಷವು ಚಿತ್ರದ ರಚನಾಕ್ರಮದ ಕುರುಹು. ಸಾಮಾಜಿಕ ಚಿತ್ರದಲ್ಲಿ ಇದನ್ನು ಗುರುತಿಸುವುದು ಸುಲಭ. ಏಕೆಂದರೆ ಅಲ್ಲಿಯ ಲೋಕವು ನಮ್ಮ ಲೋಕವೇ. ವಿಜ್ಞಾನ ಕಥಾಚಿತ್ರದಲ್ಲಿ ಲೋಕದ ನಿಯಮಗಳೇ ಬೇರೆ. ಕಾಲ ಹಿಂದಕ್ಕೆ ಹರಿಯಬಹುದು, ಒಬ್ಬನೇ ಇಬ್ಬರಾಗಬಹುದು, ಕನಸು ಎಚ್ಚರವಾಗಬಹುದು. ಅಲ್ಲಿ ಯಾವುದು ದೋಷ, ಯಾವುದು ಸೂಚನೆ ಎಂಬುದನ್ನು ನಿರ್ಣಯಿಸುವುದು ಹೇಗೆ ಎಂಬುದೇ ಈ ಲೇಖನದ ಪ್ರಶ್ನೆ.

ಮಾನ್ಯಖೇಟದ ಪರಂಪರೆಯಲ್ಲಿ ದೋಷ ವಿಚಾರ

ಈ ಪ್ರಶ್ನೆಗೆ ಬೇಕಾದ ಪರಿಕರಗಳು ಕನ್ನಡ ಅಧ್ಯಯನಕ್ಕೆ ಹೊರಗಿನವಲ್ಲ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಮಾನ್ಯಖೇಟವನ್ನು ರಾಜಧಾನಿಯಾಗಿ ಹೊಂದಿದ್ದ ರಾಷ್ಟ್ರಕೂಟರ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ಶೀರ್ಷಿಕೆಯಲ್ಲಿ ದೋಷದ ಜೊತೆಗೆ ಅದೋಷವೂ ಇದೆ ಎಂಬುದನ್ನು ಗಮನಿಸಬೇಕು. ಮುಂದೆ ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿಯೂ ‘ಕಾವ್ಯಮಲವ್ಯಾವೃತ್ತಿ’ ಎಂಬ ಪ್ರತ್ಯೇಕ ಅಧಿಕರಣವೇ ಇದೆ.

ಮಾರ್ಗಕಾರನಿಗೆ ಆಕರವಾದ ದಂಡಿಯ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹತ್ತು ದೋಷಗಳ ನಿರೂಪಣೆಯಿದೆ. ಅವುಗಳಲ್ಲಿ ನಾಲ್ಕು ನಮ್ಮ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತವೆ. ಪ್ರಬಂಧದ ಹಿಂದಿನ ಮಾತಿಗೂ ಮುಂದಿನ ಮಾತಿಗೂ ವಿರೋಧ ಬಂದರೆ ಅದು ‘ವ್ಯರ್ಥ’. ಉದ್ದೇಶಿಸಿದ ಅನುಕ್ರಮ ತಪ್ಪಿದರೆ ‘ಅಪಕ್ರಮ’. ನಿಶ್ಚಯಕ್ಕಾಗಿ ಆಡಿದ ಮಾತು ಸಂಶಯ ಹುಟ್ಟಿಸಿದರೆ ‘ಸಸಂಶಯ’. ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ಇವುಗಳಿಗೆ ವಿರುದ್ಧವಾದುದು ಹತ್ತನೆಯ ದೋಷ. ಮೊದಲಿನವು ಕೃತಿಯ ಒಳಗಿನ ಅಳತೆಗೋಲಿನಿಂದ ತಿಳಿಯುವಂಥವು. ಕೊನೆಯದಕ್ಕೆ ಕೃತಿಯ ಹೊರಗಿನ ಲೋಕಜ್ಞಾನ ಬೇಕು. ಬರಿದಾದ ಲೋಟ ವ್ಯರ್ಥದ ವರ್ಗಕ್ಕೆ ಸೇರಿದರೆ, ಹತ್ತೊಂಬತ್ತನೆಯ ಶತಮಾನದ ಕಥೆಯಲ್ಲಿ ಕಾಣುವ ವಿದ್ಯುತ್ ಕಂಬ ಕಾಲವಿರೋಧಕ್ಕೆ ಸೇರುತ್ತದೆ. ದೋಷಪಟ್ಟಿಗಳು ಸಾಮಾನ್ಯವಾಗಿ ಈ ಎರಡನ್ನೂ ಬೆರೆಸಿಬಿಡುತ್ತವೆ.

ದಂಡಿಯ ವಿಚಾರದಲ್ಲಿ ಇನ್ನೂ ಮಹತ್ವದ ಸಂಗತಿಯೆಂದರೆ ಅವನು ದೋಷಕ್ಕೆ ಹೇಳುವ ಅಪವಾದಗಳು. ಚಿತ್ತ ಕಲಕಿದವನ ಮಾತಿನಲ್ಲಿ ಪೂರ್ವಾಪರ ವಿರೋಧ ದೋಷವಲ್ಲ. ಸಂಶಯ ಹುಟ್ಟಿಸುವುದಕ್ಕೆಂದೇ ಪ್ರಯೋಗಿಸಿದರೆ ಸಸಂಶಯವೂ ಅಲಂಕಾರವೇ. ಕವಿಕೌಶಲದಿಂದ ದೇಶಕಾಲಾದಿ ವಿರೋಧವೂ ಗುಣದ ದಾರಿಗೆ ಬರಬಹುದು. ದೋಷವೆಂಬುದು ವಸ್ತುವಿನಲ್ಲಿ ಅಂಟಿಕೊಂಡಿರುವ ಕಲೆಯಲ್ಲ, ಪ್ರಯೋಜನದೊಂದಿಗೆ ಅದಕ್ಕಿರುವ ಸಂಬಂಧ ಎಂಬ ತಿಳಿವಳಿಕೆ ಇಲ್ಲಿದೆ.

‘ಲೂಸಿಯಾ’: ಎರಡು ಬಾರಿ ಬರೆಯಬೇಕಾದ ಪಟ್ಟಿ

ಕನ್ನಡದಲ್ಲಿ ವಿಜ್ಞಾನ ಕಥಾಚಿತ್ರಗಳ ಸಂಖ್ಯೆ ದೊಡ್ಡದಲ್ಲ. ಲೋಹವನ್ನು ಬಂಗಾರವಾಗಿಸುವ ಸೂತ್ರದ ಸುತ್ತ ಹೆಣೆದ ‘ಜೇಡರ ಬಲೆ’ (1968) ಪತ್ತೇದಾರಿ ಚಿತ್ರವಾದರೂ ಅದರ ಬೀಜದಲ್ಲಿ ವಿಜ್ಞಾನ ಕಲ್ಪನೆಯಿದೆ. ಯಂತ್ರಮಾನವನ ಕಥೆಯುಳ್ಳ ‘ಹಾಲಿವುಡ್’ (2002), ರೆಪ್ಪೆ ಮಿಟುಕಿಸುವುದಕ್ಕೂ ಕಾಲಪ್ರಯಾಣಕ್ಕೂ ನಂಟು ಕಲ್ಪಿಸಿದ ‘ಬ್ಲಿಂಕ್’ (2024) ಈ ಸಾಲಿನ ಮುಂದಿನ ಹೆಸರುಗಳು. ನಮ್ಮ ಚರ್ಚೆಗೆ ಹೆಚ್ಚು ಒದಗುವುದು ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (2013). ಪ್ರೇಕ್ಷಕರಿಂದಲೇ ಬಂಡವಾಳ ಸಂಗ್ರಹಿಸಿ ತಯಾರಿಸಿದ ಈ ಚಿತ್ರದಲ್ಲಿ ನಿದ್ರೆಯಿಲ್ಲದೆ ಬಳಲುವ ನಿಕ್ಕಿ ಚಿತ್ರಮಂದಿರದಲ್ಲಿ ಟಾರ್ಚ್ ಬಿಟ್ಟು ಪ್ರೇಕ್ಷಕರಿಗೆ ಆಸನ ತೋರಿಸುವವನು. ಲೂಸಿಯಾ ಎಂಬ ಕಲ್ಪಿತ ಮಾತ್ರೆ ನುಂಗಿದಾಗ ಅವನಿಗೆ ಕನಸಿನಲ್ಲಿ ನಟ ನಿಖಿಲ್‌ನ ಬದುಕು ದೊರೆಯುತ್ತದೆ. ಒಂದು ಬದುಕು ಬಣ್ಣದಲ್ಲಿದೆ, ಇನ್ನೊಂದು ಕಪ್ಪು ಬಿಳುಪಿನಲ್ಲಿದೆ. ಒಂದರಲ್ಲಿ ಚಿತ್ರಮಂದಿರದ ಮಾಲೀಕನಾಗಿರುವ ಶಂಕರಣ್ಣ ಇನ್ನೊಂದರಲ್ಲಿ ನಟನ ವ್ಯವಹಾರ ನೋಡಿಕೊಳ್ಳುವವನು. ಕೊನೆಗೆ ಕಪ್ಪು ಬಿಳುಪಿನ ನಟನ ಬದುಕೇ ವಾಸ್ತವ, ಬಣ್ಣದ ಬಡ ಬದುಕೇ ಕನಸು ಎಂಬುದು ತಿಳಿಯುತ್ತದೆ.

ಈ ಚಿತ್ರವನ್ನು ನೋಡುತ್ತ ಸಾತತ್ಯ ದೋಷಗಳ ಪಟ್ಟಿ ಮಾಡುವವನ ಸ್ಥಿತಿಯನ್ನು ಊಹಿಸೋಣ. ಮೊದಲ ನೋಟದಲ್ಲಿ ಬಣ್ಣದ ಭಾಗ ಎಚ್ಚರವಾದ್ದರಿಂದ ಅಲ್ಲಿಯ ಪ್ರತಿಯೊಂದು ಹೊಂದಾಣಿಕೆಯ ಕೊರತೆಯನ್ನೂ ಅವನು ದೋಷವೆಂದು ಬರೆದುಕೊಳ್ಳುತ್ತಾನೆ. ಕಪ್ಪು ಬಿಳುಪಿನ ಭಾಗದಲ್ಲಿಯದನ್ನು ಕನಸೆಂದು ಮನ್ನಿಸುತ್ತಾನೆ. ಚಿತ್ರ ಮುಗಿದಾಗ ಪಟ್ಟಿ ತಲೆಕೆಳಗಾಗುತ್ತದೆ. ದೋಷವೆಂದು ಬರೆದದ್ದು ಕನಸಿನ ಸಾಕ್ಷ್ಯವಾಗಬಹುದು. ಮನ್ನಿಸಿದ್ದು ನಿಜವಾದ ದೋಷವಾಗಬಹುದು. ಚಿತ್ತ ಕಲಕಿದವನ ಮಾತಿಗೆ ದಂಡಿ ಕೊಟ್ಟ ರಿಯಾಯಿತಿ ಒಂದು ಅರ್ಧದಿಂದ ಇನ್ನೊಂದು ಅರ್ಧಕ್ಕೆ ವರ್ಗವಾಗುತ್ತದೆ. ಹಾಗಾದರೆ ಇಲ್ಲಿ ನಿಶ್ಚಿತವಾದುದು ಯಾವುದು? ಬಣ್ಣಕ್ಕೂ ಕಪ್ಪು ಬಿಳುಪಿಗೂ ಮಧ್ಯೆ ಚಿತ್ರವೇ ಎಳೆದ ಗಡಿ. ಆ ಗಡಿ ಕಾರಣವಿಲ್ಲದೆ ಮುರಿದರೆ ಅದು ಯಾವ ಓದಿನಲ್ಲಿಯೂ ದೋಷವೇ. ವಿಜ್ಞಾನ ಕಥಾಚಿತ್ರದ ಸಾತತ್ಯವನ್ನು ಅಳೆಯಬೇಕಾದ ಗೋಲು ಲೋಕದ ನಿಯಮವಲ್ಲ, ಚಿತ್ರವು ಪ್ರೇಕ್ಷಕನೊಂದಿಗೆ ಮಾಡಿಕೊಂಡ ಒಪ್ಪಂದ.

ಪಾಠಾಂತರಗಳ ಸಾಕ್ಷ್ಯ: ‘ಬ್ಲೇಡ್ ರನ್ನರ್’

ಈ ಮಾತನ್ನೇ ಹಿಡಿದು ಎಲ್ಲ ದೋಷವನ್ನೂ ನಿರ್ದೇಶಕನ ಉದ್ದೇಶವೆಂದು ಸಮರ್ಥಿಸುವ ಅಪಾಯವೂ ಇದೆ. ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ (1982) ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಪೊಲೀಸ್ ಅಧಿಕಾರಿಯು ಆರು ಮಂದಿ ಕೃತಕ ಮಾನವರು ತಪ್ಪಿಸಿಕೊಂಡು ಬಂದರೆಂದೂ ಅವರಲ್ಲಿ ಒಬ್ಬ ಸತ್ತನೆಂದೂ ಹೇಳುತ್ತಾನೆ. ಉಳಿಯಬೇಕಾದವರು ಐವರು, ನಾಯಕ ಡೆಕಾರ್ಡ್ ಬೆನ್ನಟ್ಟುವುದು ನಾಲ್ವರನ್ನು. ಲೆಕ್ಕಕ್ಕೆ ಸಿಗದ ಆ ಒಬ್ಬರು ಯಾರು? ಡೆಕಾರ್ಡ್‌ನೇ ಅವನೆಂದು ವಾದಿಸಿದ ವ್ಯಾಖ್ಯಾನಕಾರರಿದ್ದಾರೆ. ವಾಸ್ತವದಲ್ಲಿ ಚಿತ್ರಕಥೆಯಲ್ಲಿದ್ದ ಮೇರಿ ಎಂಬ ಪಾತ್ರವನ್ನು ಕೈಬಿಟ್ಟರೂ ಸಂಭಾಷಣೆಯ ಸಂಖ್ಯೆ ಹಾಗೆಯೇ ಉಳಿದುಕೊಂಡಿತ್ತು. 2007ರ ಅಂತಿಮ ಆವೃತ್ತಿಯಲ್ಲಿ ಇಬ್ಬರು ಸತ್ತರೆಂದು ಮಾತನ್ನು ತಿದ್ದಲಾಯಿತು, ಲೆಕ್ಕ ಸರಿಹೋಯಿತು. ಅದೇ ಆವೃತ್ತಿಯಲ್ಲಿ ಮಳೆಯ ರಾತ್ರಿಯಿಂದ ಶುಭ್ರ ನೀಲಿ ಆಕಾಶಕ್ಕೆ ಹಾರುತ್ತಿದ್ದ ಪಾರಿವಾಳಕ್ಕೆ ಕಪ್ಪು ಆಕಾಶ ಒದಗಿತು. ಓಡುವ ದೃಶ್ಯದಲ್ಲಿ ಎದ್ದು ಕಾಣುತ್ತಿದ್ದ ಬದಲಿ ಸಾಹಸ ಕಲಾವಿದೆಯ ಮುಖದ ಜಾಗಕ್ಕೆ ನಟಿಯ ಮುಖ ಬಂದಿತು.

ಇದು ನಮಗೆ ಅಪರಿಚಿತ ಸನ್ನಿವೇಶವಲ್ಲ. ಓಲೆಗರಿಯ ಪ್ರತಿಗಳಲ್ಲಿ ಲಿಪಿಕಾರನು ಕಣ್ತಪ್ಪಿನಿಂದ ಬಿಟ್ಟ ಸಾಲಿಗೆ ವ್ಯಾಖ್ಯಾನಕಾರನು ಗಹನವಾದ ಅರ್ಥ ಹುಡುಕುವುದುಂಟು. ಇನ್ನೊಂದು ಪ್ರತಿ ದೊರೆತಾಗ ಆ ಅರ್ಥ ಉದುರಿಹೋಗುವುದುಂಟು. ಹಾಗೆಯೇ ಕಠಿಣವಾಗಿ ತೋರಿದ ಮೂಲಪಾಠವನ್ನು ಸುಲಭಗೊಳಿಸಲು ಹೋಗಿ ಕೆಡಿಸಿದ ಪ್ರಸಂಗಗಳೂ ಗ್ರಂಥಸಂಪಾದನೆಗೆ ಗೊತ್ತು. ಚಲನಚಿತ್ರದ ಆವೃತ್ತಿಗಳೂ ಪಾಠಾಂತರಗಳೇ. ‘ಸ್ಟಾರ್ ವಾರ್ಸ್’ (1977) ಚಿತ್ರದಲ್ಲಿ ಸೈನಿಕನೊಬ್ಬನ ಶಿರಸ್ತ್ರಾಣ ಬಾಗಿಲಿಗೆ ತಾಗುತ್ತದೆ. 2004ರ ಡಿವಿಡಿ ಆವೃತ್ತಿಯಲ್ಲಿ ಆ ಕ್ಷಣಕ್ಕೆ ಢಿಕ್ಕಿಯ ಸದ್ದನ್ನು ಸೇರಿಸಲಾಯಿತು. ಇಲ್ಲಿ ತಪ್ಪನ್ನು ತಿದ್ದಿಲ್ಲ, ಅಂಗೀಕರಿಸಲಾಗಿದೆ. 1977ರ ಅಚಾತುರ್ಯ 2004ರಲ್ಲಿ ವಿನೋದವಾಗಿದೆ. ಯಾವ ಆವೃತ್ತಿಯನ್ನು ನೋಡಿದೆವೆಂದು ನಮೂದಿಸದೆ ಚಿತ್ರವೊಂದರ ದೋಷವನ್ನೋ ಸೂಚನೆಯನ್ನೋ ಚರ್ಚಿಸುವುದು, ಯಾವ ಪ್ರತಿಯೆಂದು ಹೇಳದೆ ಪಾಠವನ್ನು ನಿರ್ಣಯಿಸಿದಂತೆಯೇ ಸರಿ.

ಕಲಬುರಗಿಯಿಂದ ಕಮಲಾಪುರಕ್ಕೆ: ದೇಶ ಮತ್ತು ಕಾಲದ ಪರೀಕ್ಷೆ

ಈ ವಿಚಾರವನ್ನು ನಮ್ಮ ನೆಲದ ಕಲ್ಪಿತ ಉದಾಹರಣೆಯೊಂದರಿಂದ ಪರೀಕ್ಷಿಸಬಹುದು. ವಿಜ್ಞಾನ ಕಥಾಚಿತ್ರವೊಂದರ ನಾಯಕನು ಇಂದಿನ ಕಲಬುರಗಿಯಿಂದ 1996ಕ್ಕೆ ಹಿಂದಿರುಗಿ, ಹುಮನಾಬಾದ ರಸ್ತೆಯಲ್ಲಿ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತಾನೆಂದು ಭಾವಿಸೋಣ. ಆ ಬಸ್ಸಿನ ಮೇಲೆ ಈಶಾನ್ಯ ಸಾರಿಗೆಯ ಹೆಸರಿರುವಂತಿಲ್ಲ, ಅದು ಪ್ರತ್ಯೇಕ ನಿಗಮವಾದದ್ದು 2000ದಲ್ಲಿ. ಕಲ್ಯಾಣ ಕರ್ನಾಟಕ ಸಾರಿಗೆ ಎಂಬ ಹೆಸರು 2021ರದು. ಫಲಕದಲ್ಲಿ ‘ಗುಲಬರ್ಗಾ’ ಎಂದಿರಬೇಕು. ಅಧಿಕೃತ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಕಮಲಾಪುರದಲ್ಲಿ ತಾಲ್ಲೂಕು ಕಚೇರಿಯ ಫಲಕ ಕಂಡರೆ ಅದೂ ಕಾಲವಿರೋಧ. ಊರಿನ ಹೆಸರಿಗೆ ಅಂಟಿಕೊಂಡ ಕೆಂಪು ಬಾಳೆಹಣ್ಣಿನ ಗೊನೆ ಮಾತ್ರ ಎರಡೂ ಕಾಲಗಳಿಗೆ ಹೊಂದುತ್ತದೆ.

ಆದರೆ ಅದೇ ಬಸ್ಸಿನಲ್ಲಿ ಕುಳಿತ ಮುದುಕಿಯೊಬ್ಬಳು ‘ಕಲಬುರ್ಗಿ’ ಎಂದರೆ? ಫಲಕವನ್ನೂ ಮಾತನ್ನೂ ಹೋಲಿಸಿದವನು ಇದನ್ನು ದೋಷವೆಂದು ಬರೆದುಕೊಳ್ಳಬಹುದು. ಜನರ ಬಾಯಲ್ಲಿ ಆ ಹೆಸರು ಸರಕಾರಿ ಆದೇಶಕ್ಕಿಂತ ಬಹಳ ಹಿಂದಿನಿಂದಲೂ ಇದ್ದದ್ದು. ಆದ್ದರಿಂದ ಅದು ದೋಷವಲ್ಲ. ಬರೆಹಕ್ಕೂ ಮಾತಿಗೂ ಇದ್ದ ಅಂತರದ ನಿಖರ ದಾಖಲೆ. ಲೋಕಜ್ಞಾನ ಅರ್ಧವಾಗಿದ್ದರೆ ದೋಷಾನ್ವೇಷಣೆಯೇ ದೋಷವಾಗುತ್ತದೆ.

ಇದಕ್ಕಿಂತ ಗಂಭೀರವಾದುದು ಭಾಷೆಯ ಸಾತತ್ಯ. ಕಮಲಾಪುರದವನೆಂದು ಪರಿಚಯವಾದ ಪಾತ್ರ ಒಂದು ದೃಶ್ಯದಲ್ಲಿ ‘ಮಾಡಲತ್ತೀನಿ’ ಎಂದು ಈ ಭಾಗದ ರೂಪವನ್ನೂ, ಮುಂದಿನ ದೃಶ್ಯದಲ್ಲಿ ‘ಮಾಡಾಕತ್ತೀನಿ’ ಎಂದು ಧಾರವಾಡ ಕಡೆಯ ರೂಪವನ್ನೂ, ಭಾವತೀವ್ರವಾದ ದೃಶ್ಯದಲ್ಲಿ ‘ಮಾಡ್ತಾ ಇದ್ದೀನಿ’ ಎಂದು ಬೆಂಗಳೂರಿನ ರೂಪವನ್ನೂ ಆಡಿದರೆ ಅದು ಬರಿದಾದ ಲೋಟಕ್ಕಿಂತ ದೊಡ್ಡ ದೋಷ. ಲೋಟ ಕೈತಪ್ಪಿದ್ದು ಒಂದು ದಿನದ ಅಜಾಗರೂಕತೆ. ಮಾತು ತಪ್ಪಿದ್ದು ಒಂದು ಪ್ರದೇಶವನ್ನು ‘ಉತ್ತರ ಕರ್ನಾಟಕ’ವೆಂಬ ಒಂದೇ ಬಣ್ಣದಲ್ಲಿ ಕಾಣುವ ದೃಷ್ಟಿಯ ಫಲ. ದೋಷಪಟ್ಟಿಗಳಲ್ಲಿ ಗಡಿಯಾರ, ಅಂಗಿಗಳಿಗೆ ಸಿಗುವ ಗಮನ ಇಂಥದಕ್ಕೆ ಸಿಗುವುದು ವಿರಳ. ವ್ಯರ್ಥ ದೋಷವೂ ದೇಶವಿರೋಧವೂ ಇಲ್ಲಿ ಒಂದಾಗಿವೆ. ಆದರೂ ಅಪವಾದಕ್ಕೆ ಅವಕಾಶವಿದೆ. ಅದೇ ಪಾತ್ರ ಬೆಂಗಳೂರಿನ ಸಂದರ್ಶನದ ಕೋಣೆಯಲ್ಲಿ ಮಾತು ಬದಲಿಸಿ, ಮನೆಗೆ ದೂರವಾಣಿ ಮಾಡಿದಾಗ ಮತ್ತೆ ‘ಮಾಡಲತ್ತೀನಿ’ಗೆ ಮರಳಿದರೆ ಅದು ದೋಷವಲ್ಲ, ಪಾತ್ರರಚನೆ.

ನಿರ್ಣಯದ ಕ್ರಮ

ಮೇಲಿನ ಚರ್ಚೆಯಿಂದ ಮೂರು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು.

1. ಕಂಡ ವಿಸಂಗತಿ ಚಿತ್ರದಲ್ಲಿ ಮರುಕಳಿಸಿ ಒಂದು ವಿನ್ಯಾಸವಾಗಿದೆಯೇ, ಅಥವಾ ಒಮ್ಮೆ ಮಾತ್ರ ಬಂದು ಹೋಗಿದೆಯೇ?

2. ಅದರಿಂದ ಕಥನದಲ್ಲಿ ಏನಾದರೂ ಪರಿಣಾಮ ಉಂಟಾಗಿದೆಯೇ? ಅದನ್ನು ತಿದ್ದಿದರೆ ಚಿತ್ರದ ಅರ್ಥ ಬದಲಾಗುತ್ತದೆಯೇ?

3. ಬೇರೆ ಆವೃತ್ತಿ, ಚಿತ್ರಕಥೆ ಮೊದಲಾದ ಆಕರಗಳು ಏನು ಹೇಳುತ್ತವೆ?

‘ಲೂಸಿಯಾ’ದ ಬಣ್ಣದ ವಿಭಜನೆ ಮೊದಲ ಎರಡು ಪ್ರಶ್ನೆಗಳಿಗೆ ಹೌದೆನ್ನುತ್ತದೆ, ಆದ್ದರಿಂದ ಅದು ಸೂಚನೆ. ‘ಬ್ಲೇಡ್ ರನ್ನರ್’ನ ಸಂಖ್ಯೆ ಒಮ್ಮೆ ಮಾತ್ರ ಬಂದು, ಮೂರನೆಯ ಪ್ರಶ್ನೆಯೆದುರು ಸೋಲುತ್ತದೆ; ಆದ್ದರಿಂದ ಅದು ದೋಷ. ಆ ದೋಷದಿಂದ ಹುಟ್ಟಿದ ವ್ಯಾಖ್ಯಾನಕ್ಕೆ ಗ್ರಹಿಕೆಯ ಚರಿತ್ರೆಯಲ್ಲಿ ಸ್ಥಾನವಿದೆ, ಆದರೆ ಅದು ಆ ಸಂಖ್ಯೆಯನ್ನು ಆಧಾರವಾಗಿ ಬಳಸುವಂತಿಲ್ಲ. ದೋಷವೆಂದು ನಿರ್ಣಯವಾದ ಮೇಲೂ ಅದರ ತೂಕವನ್ನು ಅಳೆಯಬೇಕು. ವ್ಯುತ್ಪತ್ತಿಯ ಕೊರತೆಯಿಂದ ಬಂದ ದೋಷವನ್ನು ಕವಿಯ ಶಕ್ತಿ ಮುಚ್ಚುತ್ತದೆ, ಶಕ್ತಿಯ ಕೊರತೆಯಿಂದ ಬಂದದ್ದು ಒಡನೆಯೇ ಎದ್ದು ಕಾಣುತ್ತದೆ ಎಂಬ ಆನಂದವರ್ಧನನ ವಿವೇಕ ಇಲ್ಲಿಯೂ ಸಲ್ಲುತ್ತದೆ. ನೀಲಿ ಆಕಾಶದ ಪಾರಿವಾಳವಿದ್ದಾಗಲೂ ಆ ದೃಶ್ಯ ಇಪ್ಪತ್ತೈದು ವರ್ಷ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದಿತ್ತು.

ಒಟ್ಟಿನಲ್ಲಿ, ಸಾತತ್ಯ ದೋಷದ ಅಧ್ಯಯನ ಕೇವಲ ಕುತೂಹಲದ ವಿಷಯವಲ್ಲ. ಕಾವ್ಯಮೀಮಾಂಸೆ, ಗ್ರಂಥಸಂಪಾದನೆ, ಉಪಭಾಷಾ ವಿಜ್ಞಾನ ಎಂಬ, ಕನ್ನಡ ವಿಭಾಗಗಳಲ್ಲಿ ಬೇರೆ ಬೇರೆ ಪತ್ರಿಕೆಗಳಾಗಿ ಬೋಧಿಸುವ ಮೂರು ಶಿಸ್ತುಗಳನ್ನು ಒಂದೇ ಪಠ್ಯದ ಮುಂದೆ ಕೂಡಿಸುವ ಅಭ್ಯಾಸವದು. ವಿದ್ಯಾರ್ಥಿ ತಂದ ದೋಷಪಟ್ಟಿಯನ್ನು ತಳ್ಳಿಹಾಕುವ ಅಗತ್ಯವಿಲ್ಲ. ಪ್ರತಿಯೊಂದು ನಮೂದಿನ ಮುಂದೆ ವ್ಯರ್ಥವೋ, ಅಪಕ್ರಮವೋ, ಸಸಂಶಯವೋ, ದೇಶಕಾಲ ವಿರೋಧವೋ ಎಂದು ಬರೆಯಿಸಿ, ಅದು ಅದೋಷವಾಗುವ ಸಾಧ್ಯತೆಯನ್ನೂ ಕೇಳಿದರೆ ಸಾಕು. ಕಲಬುರಗಿ ಭಾಗದ ವಿದ್ಯಾರ್ಥಿಗೆ ಪಾತ್ರದ ಮಾತಿನ ಸಾತತ್ಯವನ್ನು ಅಳೆಯುವ ಕಿವಿ ಹುಟ್ಟಿನಿಂದಲೇ ಇದೆ. ಅದನ್ನು ವಿಮರ್ಶೆಯ ಪರಿಕರವಾಗಿ ಬೆಳೆಸುವುದು ಅಧ್ಯಾಪಕರ ಮುಂದಿರುವ ಕೆಲಸ.