ಮೂರು ದಿಕ್ಕಿನ ಹಳಿಗಳು: ಮಂಗಳೂರು ರೈಲು ನಿಲ್ದಾಣದ ಚರಿತ್ರೆ



ಮಂಗಳೂರು ಸೆಂಟ್ರಲ್‌ಗೆ ಬಂದ ಪ್ರಯಾಣಿಕರ ರೈಲು ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇಂಥ ನಿಲ್ದಾಣಕ್ಕೆ ಟರ್ಮಿನಸ್, ಅಂದರೆ ಕೊನೆಯ ನಿಲ್ದಾಣ ಎಂದು ಹೆಸರು. ನಮ್ಮ ನಗರಕ್ಕೆ ಮದ್ರಾಸಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಬೆಂಗಳೂರಿನ ಕಡೆಯಿಂದ ನೇರ ಹಳಿ ಬಂದದ್ದು 1979ರಲ್ಲಿ. ಮುಂಬೈ ಕಡೆಯ ಕರಾವಳಿ ಹಳಿ ಪೂರ್ತಿಯಾದದ್ದು 1998ರಲ್ಲಿ. ರಸ್ತೆಯಲ್ಲಿ ಸುಮಾರು 350 ಕಿ.ಮೀ. ದೂರದ ಬೆಂಗಳೂರಿಗಿಂತ ಎಷ್ಟೋ ದೂರದ ಮದ್ರಾಸು 72 ವರ್ಷ ಮೊದಲೇ ಹತ್ತಿರವಾದದ್ದು ಹೇಗೆ? ಇದಕ್ಕೆ ಉತ್ತರ ಸಿಗುವುದು ಎರಡು ಪಾಠಗಳಲ್ಲಿ: ಒಂದು ಭೂಗೋಳ, ಇನ್ನೊಂದು ಆಡಳಿತದ ಗಡಿ.

ದಕ್ಷಿಣದಿಂದ: 1907

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಓಡಿತು. ದಕ್ಷಿಣದಲ್ಲಿ ಮದ್ರಾಸ್ ರೈಲ್ವೆ ಕಂಪನಿ 1856ರಲ್ಲಿ ರಾಯಪುರಂನಿಂದ ತನ್ನ ಮೊದಲ ಮಾರ್ಗ ತೆರೆಯಿತು. ಪಶ್ಚಿಮ ಕರಾವಳಿ ಮುಟ್ಟಲು ಕಂಪನಿ ಆರಿಸಿಕೊಂಡದ್ದು ಪಾಲಕ್ಕಾಡ್ ಕಣಿವೆಯನ್ನು. ಎತ್ತರದ ಘಟ್ಟಗಳ ಸಾಲಿನಲ್ಲಿ ಅದೊಂದು ಅಗಲವಾದ ತೆರಪು. ಸುರಂಗ ಕೊರೆಯುವ ಕಷ್ಟವಿಲ್ಲದೆ 1860ರ ದಶಕದ ಆರಂಭದಲ್ಲೇ ಹಳಿ ಬೇಪೂರಿನ ಬಳಿ ಕಡಲು ಸೇರಿತು. 1888ರಲ್ಲಿ ಕಲ್ಲಿಕೋಟೆಗೆ, 1903ರಲ್ಲಿ ಕಣ್ಣೂರಿಗೆ, 1907ರಲ್ಲಿ ನೇತ್ರಾವತಿಯನ್ನು ದಾಟಿ ಮಂಗಳೂರಿಗೆ ಬಂತು.

ಆಗ ದಕ್ಷಿಣ ಕನ್ನಡ ಮತ್ತು ಮಲಬಾರ್ ಎರಡೂ ಮದ್ರಾಸ್ ಪ್ರೆಸಿಡೆನ್ಸಿಯ ಜಿಲ್ಲೆಗಳು. ಘಟ್ಟದ ಮೇಲಿನದು ಮೈಸೂರು ಸಂಸ್ಥಾನ, ಬೇರೆಯೇ ಆಡಳಿತ. ಹಾಗಾಗಿ ಹಳಿ ಘಟ್ಟ ಹತ್ತದೆ, ಒಂದೇ ಪ್ರೆಸಿಡೆನ್ಸಿಯೊಳಗೆ ಕಡಲ ಬದಿಯಲ್ಲೇ ಉತ್ತರಕ್ಕೆ ಬೆಳೆಯಿತು.

ಊರಿಗೆ ಇದರಿಂದ ಆದ ಲಾಭವೇನು? 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಹೆಸರಾಗಿತ್ತು. ಘಟ್ಟದ ಮೇಲಿನ ಕಾಫಿಯೂ ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ಆದರೆ ಮಳೆಗಾಲದಲ್ಲಿ ಕಡಲು ಒರಟಾಗಿ ಹಳೆ ಬಂದರಿನ ಕೆಲಸ ನಿಲ್ಲುತ್ತಿತ್ತು. ರೈಲಿಗೆ ಆ ತಡೆ ಇರಲಿಲ್ಲ.

ಜನರ ಓಡಾಟವೂ ಬದಲಾಯಿತು. 1920ರ ಆಗಸ್ಟ್‌ನಲ್ಲಿ ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಪ್ರವಾಸದಲ್ಲಿದ್ದ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಕಲ್ಲಿಕೋಟೆಯ ಸಭೆಯ ಮರುದಿನವೇ ಮಂಗಳೂರಿನಲ್ಲಿದ್ದರು. ದಾರಿಯುದ್ದಕ್ಕೂ ಹೊಳೆಗಳಿರುವ ಈ ಕರಾವಳಿಯಲ್ಲಿ ರೈಲು ಬರುವ ಮುಂಚೆ ಇಷ್ಟು ಬೇಗ ಬರುವುದು ಸುಲಭವಿರಲಿಲ್ಲ. 1929ರಲ್ಲಿ ಶುರುವಾದ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಮೊದಲು ಪೇಶಾವರದಿಂದ ಮಂಗಳೂರಿಗೆ ಓಡಿತು. ಪಯಣ ನಾಲ್ಕು ದಿನಕ್ಕೂ ಹೆಚ್ಚು. ಸ್ವಲ್ಪ ಕಾಲದಲ್ಲೇ ಅದರ ಮಾರ್ಗ ಬದಲಾಯಿತು.

ಪೂರ್ವದಿಂದ: 1979

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ರಾಜಧಾನಿ ಬೆಂಗಳೂರಾಯಿತು. ಹಳಿ ಮಾತ್ರ ಹಾಕಿದಲ್ಲೇ ಇತ್ತು. ರೈಲಿನಲ್ಲೇ ಬೆಂಗಳೂರಿಗೆ ಹೋಗಬೇಕಾದವರು ಶೊರನೂರು, ಪಾಲಕ್ಕಾಡ್, ಸೇಲಂ, ಜೋಲಾರಪೇಟೆ ಸುತ್ತಿ ಹೋಗಬೇಕಿತ್ತು. ತಮ್ಮ ರಾಜಧಾನಿ ಮುಟ್ಟಲು ಇನ್ನೆರಡು ರಾಜ್ಯಗಳನ್ನು ಹಾಯ್ದು ಹೋಗುವ ದಾರಿ ಅದು.

ಹಾಸನ–ಮಂಗಳೂರು ಮಾರ್ಗ ಈ ಸುತ್ತನ್ನು ತಪ್ಪಿಸಿತು. ಉದ್ದ 189 ಕಿ.ಮೀ. ಕಷ್ಟವೆಲ್ಲ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ. ಅಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ ಹಳಿ 1 ಮೀಟರ್ ಮೇಲೇರುತ್ತದೆ. ರಸ್ತೆಯ ಲೆಕ್ಕದಲ್ಲಿ ಇದು ಅಲ್ಪ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆಯಾದ್ದರಿಂದ ಭಾರದ ರೈಲಿಗೆ ಇದು ಕಡಿದಾದ ಏರು. ಅದಕ್ಕೇ ಘಟ್ಟದಲ್ಲಿ ಹೆಚ್ಚಿನ ಎಂಜಿನ್ ಜೋಡಿಸುತ್ತಾರೆ.

1979ರ ಮಾರ್ಗ ಮೀಟರ್ ಗೇಜ್. ಅದರ ಎರಡು ಹಳಿಗಳ ನಡುವಿನ ಅಂತರ 1,000 ಮಿ.ಮೀ. ಕೇರಳದ ಕಡೆಯದು ಬ್ರಾಡ್ ಗೇಜ್, ಅಂತರ 1,676 ಮಿ.ಮೀ. ಒಂದರ ಬೋಗಿ ಇನ್ನೊಂದರ ಮೇಲೆ ಓಡದು. ಹಾಗಾಗಿ ಗೇಜ್ ಬದಲಾವಣೆಗೆಂದು 1996ರಲ್ಲಿ ಘಟ್ಟದ ಸಂಚಾರ ನಿಲ್ಲಿಸಿದರು. ಬ್ರಾಡ್ ಗೇಜ್‌ನಲ್ಲಿ ಸರಕಿನ ರೈಲು ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ಒಂದು ಮಗು ಹುಟ್ಟಿ ಏಳನೇ ತರಗತಿಗೆ ಬರುವಷ್ಟು ಕಾಲ ರಾಜಧಾನಿಯ ನೇರ ರೈಲು ಇರಲಿಲ್ಲ.

ಉತ್ತರದಿಂದ: 1998

ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ. ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಆಗ ರೈಲ್ವೆ ಸಚಿವರು. ಕೆಲಸದ ಮುಂದಾಳತ್ವ ಎಂಜಿನಿಯರ್ ಇ. ಶ್ರೀಧರನ್ ಅವರದು. ಮಂಗಳೂರು–ಉಡುಪಿ ಭಾಗ 1993ರಲ್ಲಿ ತೆರೆಯಿತು. 1998ರ ಜನವರಿ 26ರಂದು ರೋಹಾದವರೆಗಿನ ಇಡೀ ಮಾರ್ಗ ಸಿದ್ಧವಾಯಿತು.

ಟರ್ಮಿನಸ್‌ನ ತೊಂದರೆ ಎದ್ದು ಕಂಡದ್ದು ಈಗ. ಕೇರಳದಿಂದ ಮುಂಬೈಗೆ ಹೋಗುವ ರೈಲು ಸೆಂಟ್ರಲ್‌ಗೆ ಬಂದರೆ ಎಂಜಿನ್ ಬದಲಿಸಿ ಹಿಂದಕ್ಕೆ ಹೊರಡಬೇಕು. ಅದಕ್ಕಾಗಿ ಇಂಥ ರೈಲುಗಳು ಕಂಕನಾಡಿ ನಿಲ್ದಾಣದಲ್ಲಿ ನಿಂತು ಮುಂದೆ ಹೋಗುತ್ತವೆ. ಅದೇ ಇಂದಿನ ಮಂಗಳೂರು ಜಂಕ್ಷನ್. ಊರಿನ ನಡುವಿನ ಹಳೆ ನಿಲ್ದಾಣಕ್ಕೆ ‘ಸೆಂಟ್ರಲ್’ ಎಂಬ ಹೆಸರಾಯಿತು.

ಒಂದು ಊರು, ಮೂರು ಆಡಳಿತ

ಮದ್ರಾಸ್ ರೈಲ್ವೆಯ ಈ ಮಾರ್ಗ 1908ರಲ್ಲಿ ಸೌತ್ ಇಂಡಿಯನ್ ರೈಲ್ವೆಗೆ, 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿತು. 1956ರಲ್ಲಿ ಒಲವಕ್ಕೋಡ್ ವಿಭಾಗ, ಅಂದರೆ ಇಂದಿನ ಪಾಲಕ್ಕಾಡ್ ವಿಭಾಗ ರಚನೆಯಾಗಿ ಮಂಗಳೂರು ಅದರ ಪಾಲಾಯಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಬಂದಾಗಲೂ ಸೆಂಟ್ರಲ್ ನಿಲ್ದಾಣ ಪಾಲಕ್ಕಾಡಿನಲ್ಲೇ ಉಳಿಯಿತು. ಹೀಗೆ ಊರ ಅಂಚಿನ ಪಡೀಲ್ ಆಚೆ ಮೈಸೂರು ವಿಭಾಗ, ತೋಕೂರಿನ ಆಚೆ ಕೊಂಕಣ ರೈಲ್ವೆ, ಊರೊಳಗೆ ಪಾಲಕ್ಕಾಡ್ ವಿಭಾಗ ಎಂಬ ಹಂಚಿಕೆ ಉಂಟಾಯಿತು.

ಇದು ಬರೀ ಕಚೇರಿಯ ಲೆಕ್ಕವಲ್ಲ. ರೈಲಿನ ವೇಳೆ, ಬೋಗಿಗಳ ಸಂಖ್ಯೆ, ಪ್ಲಾಟ್‌ಫಾರಂ ಹಂಚಿಕೆ, ಎಲ್ಲದಕ್ಕೂ ಆಡಳಿತಗಳ ಒಪ್ಪಿಗೆ ಬೇಕು. ಮಂಗಳೂರನ್ನು ಕರ್ನಾಟಕದ ವಿಭಾಗಕ್ಕೆ ಸೇರಿಸಬೇಕು, ಇಲ್ಲವೇ ಇಲ್ಲೇ ಹೊಸ ವಿಭಾಗ ಬೇಕು ಎಂಬ ಬೇಡಿಕೆ ಅದಕ್ಕೇ ಹುಟ್ಟಿದ್ದು. ಇನ್ನೊಂದು ಮಗ್ಗುಲೂ ಇದೆ. ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಇಲ್ಲಿಗೆ ಓದಲು, ದುಡಿಯಲು, ಆಸ್ಪತ್ರೆಗೆಂದು ಬರುವವರಿಗೆ 1907ರ ಹಳಿಯೇ ಇಂದಿಗೂ ಆಧಾರ. 1956ರಲ್ಲಿ ರಾಜ್ಯಗಳ ಗಡಿ ಬೇರೆಯಾದರೂ ಜನರ ಓಡಾಟ ಬೇರೆಯಾಗಲಿಲ್ಲ. ಮುಂದೆ ಯಾವ ವಿಭಾಗ ಬಂದರೂ ಘಟ್ಟದ ರೈಲಿನ ಜತೆಗೆ ಆ ಬೆಳಗಿನ ರೈಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಭ್ಯಾಸಕ್ಕೆ

1. ಪಾಲಕ್ಕಾಡ್ ಕಣಿವೆ ಮತ್ತು ಸಕಲೇಶಪುರ ಘಟ್ಟವನ್ನು ಭೂಪಟದಲ್ಲಿ ಗುರುತಿಸಿ. ಯಾವುದರಲ್ಲಿ ಹಳಿ ಹಾಕುವುದು ಸುಲಭ? ಕಾರಣ ಕೊಡಿ.
2. 50ಕ್ಕೆ 1ರ ಏರಿನಲ್ಲಿ ರೈಲು 10 ಕಿ.ಮೀ. ಸಾಗಿದರೆ ಎಷ್ಟು ಮೀಟರ್ ಮೇಲೇರುತ್ತದೆ?
3. ನಿಮ್ಮ ಮನೆಯ ಹಿರಿಯರು 1979ಕ್ಕೆ ಮೊದಲು ಬೆಂಗಳೂರಿಗೋ ಬೊಂಬಾಯಿಗೋ ಹೇಗೆ ಹೋಗುತ್ತಿದ್ದರು ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ಪುಟದಲ್ಲಿ ಬರೆಯಿರಿ. ಅದೂ ಚರಿತ್ರೆಯ ಆಕರವೇ.